ಚೆನ್ನಿಯಪ್ಪನವರ ಐದನೆಯ ಉತ್ತರ

ತಿರುಪ್ಪೂರಿನ ಕಾಂಗೇಯಂ ರಸ್ತೆಯಲ್ಲಿ ಚೆನ್ನಿಯಪ್ಪನವರ ಬನಿಯನ್ ಕಂಪನಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಒಳಗೆ ಹೊಲಿಯುವುದು ಡೆನ್ಮಾರ್ಕಿನ ಮಕ್ಕಳು ಮಲಗುವಾಗ ತೊಡುವ ಅಂಗಿಗಳನ್ನು. ಆದರೂ ಈ ಊರಲ್ಲಿ ಹೆಣೆದ ಬಟ್ಟೆಗೆ ಸೂಜಿ ಹಾಕುವ ಜಾಗಕ್ಕೆಲ್ಲ ಬನಿಯನ್ ಕಂಪನಿ ಎಂದೇ ಹೆಸರು. ಕೇಳಲು ಸಂಕೋಚವಾದರೆ ಸುಮ್ಮನೆ ಕಿವಿಗೊಟ್ಟು ನಡೆದರೂ ಸಾಕು. ನಲವತ್ತು ಹೊಲಿಗೆ ಯಂತ್ರಗಳ ಸದ್ದನ್ನು ಮೀರಿ ಎಲ್ಲಿ ಒಬ್ಬರ ದನಿ ಕೇಳಿಸುತ್ತದೋ ಅದೇ ಕಂಪನಿ, ಅವರೇ ಮಾಲೀಕರು.

ಚೆನ್ನಿಯಪ್ಪನವರು ಹದಿನಾಲ್ಕನೆಯ ವಯಸ್ಸಿಗೆ ಈ ಊರಿಗೆ ಬಂದು ಕತ್ತರಿ ಹಿಡಿದವರು. ಕಟಿಂಗ್ ಮಾಸ್ಟರಾಗಿ ಇಪ್ಪತ್ತು ವರ್ಷ ದುಡಿದು, ಆಮೇಲೆ ನಾಲ್ಕು ಯಂತ್ರ ಇಟ್ಟುಕೊಂಡು, ನಾಲ್ಕನ್ನು ನಲವತ್ತು ಮಾಡಿದವರು. ಮಾಲೀಕರಾದ ಮೇಲೂ ಕತ್ತರಿ ಬಿಡಲಿಲ್ಲ. ಅವರ ಬಲಗೈ ಹೆಬ್ಬೆರಳು ಜಡ್ಡುಗಟ್ಟಿ ಎತ್ತಿನ ಗೊರಸಿನಂತಾಗಿತ್ತು. ಸೂಜಿ ಚುಚ್ಚಿದರೆ ಸೂಜಿಗೇ ನೋವಾಗಬೇಕು.

ಕತ್ತರಿಯ ವಿಷಯದಲ್ಲಿ ಅವರದೊಂದು ಕಟ್ಟಳೆ ಇತ್ತು. ಉರುಳೆಯಿಂದ ಬಿಚ್ಚಿದ ಬಟ್ಟೆಯನ್ನು ಮೇಜಿನ ಮೇಲೆ ಒಂದು ದಿನ ಹರವಿ ಮಲಗಿಸಬೇಕು. ಎಳೆಸಿಕೊಂಡು ಬಂದ ಬಟ್ಟೆ ಸುಧಾರಿಸಿಕೊಂಡು ತನ್ನ ನಿಜವಾದ ಅಳತೆಗೆ ಬರುತ್ತದೆ. ಮಲಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಅಣ್ಣನ ಅಂಗಿ ತಮ್ಮನದಾಗುತ್ತದೆ. ‘ಅವಸರ ಇದ್ದರೆ ಬಸ್‌ಸ್ಟ್ಯಾಂಡಿಗೆ ಹೋಗಿ, ನನ್ನ ಮೇಜಿಗೆ ಬರಬೇಡಿ’ ಎಂದು ಅವರು ಎಷ್ಟು ಜನರನ್ನು ಬೈದಿದ್ದಾರೋ! ಬೈಗುಳದಲ್ಲೂ ಬಹುವಚನ ಬಿಡುತ್ತಿರಲಿಲ್ಲ. ಆ ಸೀಮೆಯವರು ಕಳ್ಳನನ್ನು ಅಟ್ಟಿಸಿಕೊಂಡು ಹೋಗುವಾಗಲೂ ‘ನಿಲ್ಲೀ, ನಿಲ್ಲೀ’ ಎಂದೇ ಕೂಗುತ್ತಾರೆ.

ಇನ್ನು ಇಮೇಲುಗಳ ಸಂಗತಿ. ಅವನ್ನು ನೋಡುತ್ತಿದ್ದವಳು ಮರಗದಂ. ಹನ್ನೊಂದು ವರ್ಷದಿಂದ ಕಂಪನಿಯ ಕಾಗದ ಪತ್ರ, ಬಣ್ಣದ ತುಂಡು, ಗುಂಡಿಯ ಮಾದರಿ ಎಲ್ಲ ಅವಳ ಕೈಯಲ್ಲಿ. ಬೆಳಗಿನ ಹನ್ನೊಂದರ ಚಹಾ ಮುಗಿದ ಮೇಲೆ ಅವಳು ಇಮೇಲುಗಳನ್ನು ಮುದ್ರಿಸಿ ತಂದು ತಮಿಳಿನಲ್ಲಿ ಓದಿ ಹೇಳುವಳು. ಚೆನ್ನಿಯಪ್ಪನವರು ಬಟ್ಟೆ ಕತ್ತರಿಸುತ್ತಲೇ ಉತ್ತರ ಹೇಳುವರು.

“ಅಮ್ಮಣಿ, ಬರೀರಿ. ಕಾಲರಿನ ಅಳತೆ ಮೂರನೇ ಸಲ ಬದಲಾಯಿಸಿದ್ದೀರಲ್ಲ, ಆ ಮಗುವಿನ ಕುತ್ತಿಗೆ ದಿನಾ ಬೆಳೆಯುತ್ತೇನ್ರೀ? ಇನ್ನೊಂದು ಸಲ ಬದಲಾಯಿಸಿದರೆ ನಿಮ್ಮ ಕುತ್ತಿಗೆ ಅಳತೆಗೆ ಹೊಲಿದು ಕಳಿಸ್ತೀನಿ ಅಂತ ಬರೀರಿ.”

“ಬರೆದೆ ಅಣ್ಣಾ” ಎನ್ನುವಳು ಮರಗದಂ. ಬರೆಯುತ್ತಿದ್ದುದು ಇಷ್ಟು: ‘ಮಾನ್ಯರೇ, ಹೊಸ ಅಳತೆ ತಲುಪಿತು. ಇದನ್ನೇ ಅಂತಿಮವೆಂದು ಇಟ್ಟುಕೊಂಡರೆ ನಮಗೆ ಅನುಕೂಲ.’ ಅದನ್ನೂ ಅಂದೇ ಕಳಿಸುವುದಿಲ್ಲ. ಒಂದು ರಾತ್ರಿ ಹಾಗೇ ಇಟ್ಟು, ಮರುದಿನ ಬಣ್ಣದ ಕಾರ್ಖಾನೆಗೂ ಹೊಲಿಗೆಯವರಿಗೂ ಕೇಳಿ, ಆಗುವುದಾದರೆ ಆಗುತ್ತದೆ, ಇಲ್ಲವಾದರೆ ಇಲ್ಲ ಎಂದು ತಿದ್ದಿ ಕಳಿಸುವಳು.

ಈ ‘ಇಲ್ಲ’ ಎನ್ನುವ ಕೆಲಸ ಚೆನ್ನಿಯಪ್ಪನವರಿಂದ ಆಗುತ್ತಿರಲಿಲ್ಲ. ಕೆಲಸದವರನ್ನು ಎಷ್ಟು ಗದರಿದರೂ, ಬಾಗಿಲಿಗೆ ಬಂದು ಕೇಳಿದವರಿಗೆ ಆಗದು ಎನ್ನುವುದು ಅವರ ಕಡೆ ವಾಡಿಕೆಯಲ್ಲ. ಹೆಣ್ಣು ಕೇಳಲು ಬಂದವರಿಗೂ ‘ಆಗಲಿ, ಸಂತೋಷ, ಮಾಡೋಣ’ ಎಂದೇ ಹೇಳಿ ಊಟ ಹಾಕಿ ಕಳಿಸುತ್ತಾರೆ; ಮಾರನೆಯ ದಿನ ‘ಬೆಟ್ಟದ ದೇವರು ಹೂ ಕೊಡಲಿಲ್ಲ’ ಎಂದು ಹೇಳಿಕಳಿಸುತ್ತಾರೆ. ಬಂದವರಿಗೂ ಗೊತ್ತು, ಕಳಿಸಿದವರಿಗೂ ಗೊತ್ತು, ದೇವರಿಗಂತೂ ಗೊತ್ತೇ ಇದೆ. ಚೆನ್ನಿಯಪ್ಪನವರ ಕಂಪನಿಯಲ್ಲಿ ಹೂ ಕೊಡುವ, ಕೊಡದಿರುವ ದೇವರ ಕೆಲಸವನ್ನು ಮರಗದಂ ಮಾಡುತ್ತಿದ್ದಳು. ಇದು ಅವರಿಗೆ ಮಾತ್ರ ಗೊತ್ತಿರಲಿಲ್ಲ. ತಾವು ಗದರಿಸಿದ್ದಕ್ಕೇ ಡೆನ್ಮಾರ್ಕಿನವರು ಹನ್ನೊಂದು ವರ್ಷದಿಂದ ಹದ್ದುಬಸ್ತಿನಲ್ಲಿದ್ದಾರೆ ಎಂದು ನಂಬಿದ್ದರು.

ಡೆನ್ಮಾರ್ಕಿನವರು ಎಂದರೆ ಇಂಗರ್ ಎಂಬ ಅರವತ್ತರ ಹೆಂಗಸು. ಮಕ್ಕಳ ಬಟ್ಟೆಯ ಏಳೆಂಟು ಅಂಗಡಿ ಅವಳದು. ವರ್ಷಕ್ಕೊಮ್ಮೆ ಬಂದು, ಚೆನ್ನಿಯಪ್ಪನವರ ಹೆಂಡತಿ ಪಾವಾಯಿ ಮಾಡಿದ ಒತ್ತುಶಾವಿಗೆಯನ್ನು ತೆಂಗಿನ ಹಾಲಿನಲ್ಲಿ ಉಂಡು, ಮುಂದಿನ ವರ್ಷದ ಆರ್ಡರ್ ಕೊಟ್ಟು ಹೋಗುವಳು. ಕಂಪನಿಯವರೆಲ್ಲ ಅವಳನ್ನು ಇಂಗರಮ್ಮ ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಸರಕು ಒಂದು ದಿನವೂ ತಡವಾಗಿ ಹಡಗು ಹತ್ತಿರಲಿಲ್ಲ. ಚೆನ್ನಿಯಪ್ಪನವರ ಆಸ್ತಿ ಎಂದರೆ ಅದೇ. ಉಳಿದದ್ದೆಲ್ಲ ಕಬ್ಬಿಣ.

ಗುಂಡಿಗಳ ಫೋನಿನ ಕಾಲ ಮುಗಿಯುತ್ತಾ, ಬರೀ ಗಾಜಿನ ಫೋನುಗಳು ಅಂಗಡಿಗೆ ನುಗ್ಗುತ್ತಿದ್ದ ವರ್ಷ ಅದು. ಒಂದು ಸಂಜೆ ರಫ್ತುದಾರರ ಸಭೆಯಲ್ಲಿ ಪಕ್ಕದ ಬೀದಿಯ ಕೊಳಂದವೇಲು ಜೇಬಿನಿಂದ ಒಂದು ಗುಂಡಿಗಳ ಫೋನು ತೆಗೆದು, ವಡೆಯ ತಟ್ಟೆಯ ಪಕ್ಕ ಮೆಲ್ಲಗೆ ಇಟ್ಟ. ಇಮೇಲು ಬಂದು ಅದು ಕೆಂಪಗೆ ಮಿನುಗಿತು.

“ಜರ್ಮನಿ” ಎಂದ ಕೊಳಂದವೇಲು, ಯಾರೂ ಕೇಳದಿದ್ದರೂ. ಎರಡು ಹೆಬ್ಬೆರಳಲ್ಲಿ ಟಕಟಕ ಒತ್ತಿ ಉತ್ತರ ಕಳಿಸಿ, ವಡೆ ಮುರಿದುಕೊಂಡು ಕೇಳಿದ: “ಏನು ಮಾಪಿಳ್ಳೆ, ನಿಮ್ಮ ಇಮೇಲು ಇನ್ನೂ ಎತ್ತಿನ ಗಾಡೀಲೇ ಬರುತ್ತಾ? ಆ ಅಮ್ಮಣಿ ಓದಿ ಹೇಳ್ಬೇಕು, ನೀವು ತಲೆ ಆಡಿಸ್ಬೇಕು. ಅಷ್ಟರಲ್ಲಿ ಬಯರ್ ಬಾಂಗ್ಲಾದೇಶಕ್ಕೆ ಹೋಗಿ ಬಂದಿರ್ತಾನೆ.”

ನೆಂಟಸ್ತಿಕೆ ಏನೂ ಇಲ್ಲದಿದ್ದರೂ ಮಾಪಿಳ್ಳೆ, ಅಂದರೆ ಅಳಿಯ, ಎನ್ನುವುದು ಕೊಳಂದವೇಲುವಿನ ರೂಢಿ, ಚುಚ್ಚುವಾಗ ಮಾತ್ರ. ಸಭೆಯಲ್ಲಿ ನಾಲ್ಕು ಜನ ನಕ್ಕರು. ಚೆನ್ನಿಯಪ್ಪನವರಿಗೆ ಅಂದು ವಡೆ ರುಚಿಸಲಿಲ್ಲ.

ಮರುದಿನ ಜಮಾಲ್ ರಾವುತ್ತರ ಫೋನಂಗಡಿಗೆ ಹೋದರು. “ರಾವುತ್ತರೇ, ಓಡಾಡ್ತಾ ಇಮೇಲು ನೋಡೋ ಫೋನು ಕೊಡಿ. ಕೊಳಂದವೇಲು ಹತ್ರ ಇರೋದಕ್ಕಿಂತ ದೊಡ್ಡದಿರಲಿ.”

ರಾವುತ್ತರು ಎರಡು ಫೋನು ಎದುರಿಗಿಟ್ಟರು, ಒಂದು ಗುಂಡಿಯದು, ಒಂದು ಗಾಜಿನದು. ಚೆನ್ನಿಯಪ್ಪನವರು ಬಟ್ಟೆ ನೋಡುವವರಂತೆ ಎರಡನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರು, ಕೈಯಲ್ಲಿ ತೂಗಿದರು, ಬೆಳಕಿಗೆ ಹಿಡಿದರು. ಗುಂಡಿಯ ಫೋನಿನ ಗುಂಡಿಗಳು ಮಗುವಿನ ಅಂಗಿಯ ಗುಂಡಿಗಿಂತ ಚಿಕ್ಕವು. ಅವರ ಒಂದು ಹೆಬ್ಬೆರಳಿಗೆ ಆರು ಅಕ್ಷರ ಒಟ್ಟಿಗೆ ಸಿಗುತ್ತಿದ್ದವು. ಗಾಜಿನ ಫೋನನ್ನು ಒತ್ತಿದರು. ಅದು ಸುಮ್ಮನಿತ್ತು. ಇನ್ನೂ ಜೋರಾಗಿ ಒತ್ತಿದರು. ಆಗಲೂ ಸುಮ್ಮನಿತ್ತು.

“ಇದು ಸತ್ತು ಹೋಗಿದೆ ಕಣ್ರೀ.”

“ಸತ್ತಿಲ್ಲಣ್ಣಾ. ನಿಮ್ಮ ಬೆರಳು ಜಡ್ಡುಗಟ್ಟಿದೆ, ಅದಕ್ಕೆ ಗೊತ್ತಾಗ್ತಿಲ್ಲ. ಕಿರುಬೆರಳು ಇಡಿ ನೋಡೋಣ.”

ಕಿರುಬೆರಳಿಟ್ಟ ಕೂಡಲೇ ಗಾಜು ಬೆಳಗಿತು. ನಲವತ್ತು ವರ್ಷದಲ್ಲಿ ಒಂದು ಕೆಲಸವನ್ನೂ ಮಾಡದ ಬೆರಳು ಅದು. ದುಡಿದ ಬೆರಳನ್ನು ಗುರುತಿಸದೆ ಸೋಮಾರಿ ಬೆರಳಿಗೆ ಸಲಾಮು ಹೊಡೆಯುವ ವಸ್ತುವನ್ನು ಕಂಡು ಅವರಿಗೆ ಒಂದು ಗಳಿಗೆ ಪಿಚ್ಚೆನಿಸಿತು. ಆದರೆ ಗಾಜು ದೊಡ್ಡದಿತ್ತು, ಕೊಳಂದವೇಲುವಿನದಕ್ಕಿಂತ ಒಂದೂವರೆ ಪಟ್ಟು.

“ಇದೇ ಇರಲಿ. ಆದ್ರೆ ಇಂಗ್ಲಿಷಲ್ಲಿ ಉದ್ದುದ್ದ ಬರೆಯೋದು ನನ್ನಿಂದಾಗಲ್ಲ. ಓದಿದರೆ ಅರ್ಧ ಗೊತ್ತಾಗುತ್ತೆ, ಅಷ್ಟು ಸಾಕು.”

“ಬರೆಯೋದೇ ಬೇಡ. ಸಿದ್ಧ ಉತ್ತರ ತುಂಬಿಸಿಕೊಡ್ತೀನಿ. ಒಂದು ಸಲ ಮುಟ್ಟಿದ್ರೆ ಹೋಗುತ್ತೆ. ಏನೇನು ಬೇಕು ಹೇಳಿ.”

ಚೆನ್ನಿಯಪ್ಪನವರು ಯೋಚಿಸಿ ನಾಲ್ಕು ಹೇಳಿದರು: ‘ಆಗಲಿ, ಮಾಡಿಕೊಡುತ್ತೇವೆ.’ ‘ತೊಂದರೆಯೇನಿಲ್ಲ.’ ‘ತಿಳಿಯಿತು, ವಂದನೆಗಳು.’ ‘ಸಂತೋಷ, ಮೇಡಂ.’

“ಆಗಲ್ಲ ಅಂತ ಒಂದು ಬೇಡ್ವಾ ಅಣ್ಣಾ?”

“ಮನೆ ಬಾಗಿಲಿಗೆ ಬಂದವರಿಗೆ ಆಗಲ್ಲ ಅಂತಾರೇನ್ರೀ? ಒಳ್ಳೆ ಕತೆ!”

ಆಫೀಸಿಗೆ ಬಂದು ಮರಗದಂಗೆ ಹೇಳಿದರು: “ಅಮ್ಮಣಿ, ನಿಮಗೆ ಇನ್ನು ಆ ಕಷ್ಟ ಇಲ್ಲ. ಇಮೇಲೆಲ್ಲ ನಾನೇ ನೋಡ್ಕೋತೀನಿ. ನೀವು ಗುಂಡಿ, ದಾರ ನೋಡ್ಕೊಂಡ್ರೆ ಸಾಕು.”

ಮರಗದಂ ಫೋನನ್ನು ನೋಡಿದಳು, ಅವರ ಕಿರುಬೆರಳನ್ನು ನೋಡಿದಳು. “ಆಗಲಿ ಅಣ್ಣಾ, ಸಂತೋಷ” ಎಂದಳು. ಅವಳೂ ಅದೇ ಊರಿನವಳಲ್ಲವೇ.

ಮುಂದಿನ ಎರಡು ವಾರ ಚೆನ್ನಿಯಪ್ಪನವರ ವೈಭವವನ್ನು ಕಣ್ಣಿಂದ ನೋಡಬೇಕಿತ್ತು. ಮೇ ನಡುವೆ ಶುರುವಾಗುವ ವೈಕಾಸಿ ತಿಂಗಳು, ಮದುವೆಗಳ ಕಾಲ. ಒಂದು ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸುವಾಗ ಫೋನು ಕುಂಯ್‌ಗುಟ್ಟಿತು. ಎಡಗೈಯಲ್ಲಿ ತೆಗೆದು ನೋಡಿದರೆ ಇಂಗರಮ್ಮ. ಇಪ್ಪತ್ತು ಸಾವಿರ ಅಂಗಿ, ಜೂನ್ ಇಪ್ಪತ್ತೆಂಟಕ್ಕೆ ಹಡಗು ಎಂದು ಈ ವರ್ಷದ ಆರ್ಡರಿನಿಂದ ತಮಗೆ ಗೊತ್ತಿದ್ದ ಸಂಖ್ಯೆಗಳು ಕಂಡವು. ಜೂನ್ ಹದಿನಾಲ್ಕು ಎಂಬ ಹೊಸ ಸಂಖ್ಯೆಯೂ, ‘ಮಾಡಿಕೊಡಬಹುದೇ’ ಎಂಬ ಪ್ರಶ್ನೆಯೂ ಕಂಡವು. ಎದುರು ಪಂಕ್ತಿಯಲ್ಲಿ ಕೊಳಂದವೇಲು ನೋಡುತ್ತಿದ್ದ. ಚೆನ್ನಿಯಪ್ಪನವರು ಕಿರುಬೆರಳನ್ನು ಎತ್ತಿ, ದೇವರಿಗೆ ಗಂಧ ಹಚ್ಚುವಂತೆ, ‘ಆಗಲಿ, ಮಾಡಿಕೊಡುತ್ತೇವೆ’ಯ ಮೇಲಿಟ್ಟರು.

“ಡೆನ್ಮಾರ್ಕ್” ಎಂದರು, ಪಕ್ಕದಲ್ಲಿ ಪಾಯಸ ಸುರಿಯುತ್ತಿದ್ದವರಿಗೆ.

ಎರಡನೆಯದು ಕ್ಷೌರದ ಕುರ್ಚಿಯಲ್ಲಿ ಬಂತು. ನೀಲಿ, ಕೆಂಪು, ಬೂದು ಬಣ್ಣಗಳ ಜೊತೆಗೆ ಸಾಸಿವೆ ಬಣ್ಣವೂ ಬೇಕಂತೆ. ಮುಖದ ತುಂಬ ನೊರೆ ಇದ್ದುದರಿಂದ ಪೂರ್ತಿ ಓದಲಿಲ್ಲ. ‘ತೊಂದರೆಯೇನಿಲ್ಲ.’ ಮೂರನೆಯದರಲ್ಲಿ ಇಂಗರಮ್ಮ ಮತ್ತೊಮ್ಮೆ ಕೇಳಿದ್ದಳು: ಹದಿನಾಲ್ಕಕ್ಕೆ ನಿಶ್ಚಯವೇ? ‘ಸಂತೋಷ, ಮೇಡಂ.’

ಪಾವಾಯಿಗೆ ಇದು ಅಷ್ಟು ಹಿಡಿಸಲಿಲ್ಲ. “ಮೊದಲು ನೀವು ಬೈದಾದ್ರೂ ಬೈತಿದ್ರಿ. ಈಗ ಕೇಳಿದ್ದಕ್ಕೆಲ್ಲ ಬಸವನ ಹಾಗೆ ತಲೆ ಆಡಿಸ್ತೀರಲ್ಲ” ಎಂದಳು.

“ಅದಕ್ಕೆ ವೇಗ ಅಂತಾರೆ ಕಣೇ.”

“ಜಾರೋದಕ್ಕೂ ವೇಗ ಅಂತಾರೆ” ಎಂದು ಅವಳು ಒಳಗೆ ಹೋದಳು.

ನಾಲ್ಕನೆಯ ಇಮೇಲಿಗೆ ಬಾಲವಿತ್ತು. ಜೊತೆಗೆ ಬಂದ ಕಾಗದ ಫೋನಿನಲ್ಲಿ ಎಷ್ಟು ಮುಟ್ಟಿದರೂ ತೆರೆಯಲಿಲ್ಲ. ಮೇ ತಿಂಗಳ ಕೊನೆಯ ವಾರ ಅದು. ಕರೆಂಟು ಹೋಗಿ ಜನರೇಟರ್ ಗುಡುಗುತ್ತಿದ್ದ ಮಧ್ಯಾಹ್ನ, ಚೆನ್ನಿಯಪ್ಪನವರು ಮರಗದಂಳ ಮೇಜಿನ ಬಳಿಗೆ ಬಂದು, “ಇದೊಂದು ನೋಡಿ ಅಮ್ಮಣಿ, ಫೋನು ಹೊಸದಲ್ವಾ, ಸ್ವಲ್ಪ ನಾಚಿಕೊಳ್ತಿದೆ” ಎಂದರು.

ಮರಗದಂ ತನ್ನ ಕಂಪ್ಯೂಟರಿನಲ್ಲಿ ತೆರೆದು ಓದಿದಳು. ಹಿಂದಿನ ಮೂರನ್ನೂ ಓದಿದಳು. ಓದಿ ಮುಗಿಸಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

“ಅಣ್ಣಾ, ಸರಕು ಹದಿನಾಲ್ಕನೇ ತಾರೀಖು ಹಡಗು ಹತ್ತುತ್ತೆ ಅಂತ ಒಪ್ಪಿದ್ದೀರ. ಎರಡು ವಾರ ಮುಂಚೆ. ನಾಲ್ಕು ಬಣ್ಣದಲ್ಲಿ. ಈ ಕಾಗದ ಏನು ಗೊತ್ತಾ? ಅವರು ಅಂಗಡಿಗಳಿಗೆ ಅಂಟಿಸೋಕೆ ಅಚ್ಚು ಹಾಕಿಸಿರೋ ಹಾಳೆ. ಇಂಥ ದಿನ ಹೊಸ ಅಂಗಿ ಬರುತ್ತೆ ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ.”

“ನಾನು ಎಲ್ಲಿ ಒಪ್ಪಿದೆ? ಸುಮ್ನೆ ಆಗಲಿ ಅಂದೆ.”

“ಬರವಣಿಗೇಲಿ ಅಂದಿದ್ದೀರ. ಎರಡು ನಿಮಿಷದಲ್ಲಿ. ಮೂರು ಸಲ.”

ಚೆನ್ನಿಯಪ್ಪನವರು ಕುಳಿತರು. ನೀಲಿ, ಕೆಂಪು ಬಣ್ಣದ ಬಟ್ಟೆ ಬಂದಿತ್ತು. ಬೂದು ಇನ್ನೂ ಬಣ್ಣದ ಕಾರ್ಖಾನೆಯಲ್ಲಿ ಸರದಿಗೆ ಕಾದಿತ್ತು. ಸಾಸಿವೆಗೆ ನೂಲೇ ಬಂದಿರಲಿಲ್ಲ. ವಿಮಾನದಲ್ಲಿ ಕಳಿಸಿದರೆ ಆ ಖರ್ಚಿಗೆ ಈ ಕಟ್ಟಡ, ಯಂತ್ರ, ಕತ್ತರಿ ಸಮೇತ ಅವರನ್ನೂ ಮಾರಬೇಕು. ಕಳಿಸದಿದ್ದರೆ ಹನ್ನೊಂದು ವರ್ಷದ ಮಾತು ಮಣ್ಣುಪಾಲು.

“ನೀವಾದ್ರೂ ಒಂದು ಸಲ ನೋಡಬಾರದಿತ್ತಾ ಅಮ್ಮಣಿ?” ಎಂದರು, ದನಿ ಅವರದೇ ಅಲ್ಲವೆಂಬಂತೆ ಸಣ್ಣಗಾಗಿ.

“ಗುಂಡಿ, ದಾರ ನೋಡ್ಕೊಳ್ಳಿ ಅಂದ್ರಿ. ನೋಡ್ಕೊಂಡೆ.” ಮರಗದಂ ಮುಂದುವರಿಸಿದಳು. “ಅಣ್ಣಾ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಬಟ್ಟೆ ಬಂದ ದಿನವೇ ಯಾರಾದ್ರೂ ಕತ್ತರಿ ಹಾಕಿದ್ರೆ ಏನು ಮಾಡ್ತೀರಿ?”

“ಕೈ ಮುರೀತೀನಿ.”

“ಹನ್ನೊಂದು ವರ್ಷ ನಾನು ಒಂದು ಇಮೇಲನ್ನೂ ಮಲಗಿಸದೆ ಕಳಿಸಿಲ್ಲ.”

ಒಳಗಿನ ಹೊಲಿಗೆಯವರು ‘ಅಣ್ಣನ ಸದ್ದೇ ಇಲ್ಲವಲ್ಲ’ ಎಂದು ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿ ಹೋದರು. ಹನ್ನೊಂದು ವರ್ಷದಿಂದ ತಮ್ಮ ಬೈಗುಳವೆಲ್ಲ ಆ ಮೇಜಿನ ಮೇಲೆ ಮಲಗಿ, ಸುಧಾರಿಸಿಕೊಂಡು, ಸರಿಯಾದ ಅಳತೆಗೆ ಬಂದು ಸಮುದ್ರ ದಾಟುತ್ತಿತ್ತು ಎಂಬುದು ಚೆನ್ನಿಯಪ್ಪನವರಿಗೆ ಆಗ ಹೊಳೆಯಿತು. ಇಂಗರಮ್ಮ ಪ್ರತಿ ವರ್ಷ ತಮ್ಮ ಕೈಹಿಡಿದು ‘ನೀವು ಎಷ್ಟು ಮೃದು ಮನುಷ್ಯರು’ ಎನ್ನುತ್ತಿದ್ದುದನ್ನು ಮರಗದಂ ಮುಖ ಸಡಿಲಿಸದೆ ಅನುವಾದಿಸಿ ಹೇಳುತ್ತಿದ್ದಳು. ಅದು ಉಪಚಾರದ ಮಾತೆಂದು ಅವರು ಬಗೆದಿದ್ದರು.

“ಯಂತ್ರ ಕೆಟ್ಟಿತು ಅಂತ ಬರೆಯೋಣ” ಎಂದರು ಕೊನೆಗೆ. “ಇಲ್ಲ, ಕರೆಂಟಿಲ್ಲ ಅಂತ.”

“ಕರೆಂಟಿಲ್ಲ ಅನ್ನೋದು ಏಪ್ರಿಲಲ್ಲೂ ನಿಜವೇ. ಮತ್ತೆ ಮೇ ತಿಂಗಳಲ್ಲಿ ಯಾಕೆ ಒಪ್ಪಿದ್ರಿ ಅಂತಾರೆ.” ಮರಗದಂ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಡೆದದ್ದನ್ನೇ ಹೇಳಿ ಅಣ್ಣಾ. ಈ ಸಲ ನೀವು ಹೇಳಿದ ಹಾಗೇ ಬರೀತೀನಿ. ಒಂದಕ್ಷರ ತಿದ್ದಲ್ಲ.”

ಇದು ಎಲ್ಲಕ್ಕಿಂತ ಕಷ್ಟವಾಯಿತು. ತಿದ್ದುವವರು ಇದ್ದಾರೆಂಬ ಧೈರ್ಯ ಹೋದ ಮೇಲೆ ಮನುಷ್ಯನಿಗೆ ಮಾತೇ ಹೊರಡುವುದಿಲ್ಲ. ಚೆನ್ನಿಯಪ್ಪನವರು ಮೂರು ಸಲ ಗಂಟಲು ಸರಿಮಾಡಿಕೊಂಡು ಹೇಳಿದರು:

“ಅಮ್ಮಾ, ಹದಿನಾಲ್ಕಕ್ಕೆ ನಮ್ಮಿಂದಾಗಲ್ಲ. ಆಗಲ್ಲ ಅಂತ ಗೊತ್ತಿಲ್ಲದೆ ಆಗಲಿ ಅಂದೆ. ಕೇಳಿದವರಿಗೆ ಮೊದಲು ಆಗಲಿ ಅನ್ನೋದು ನಮ್ಮ ಕಡೆ ಮರ್ಯಾದೆ. ಆಮೇಲೆ ಯೋಚನೆ ಮಾಡ್ತೀವಿ. ಇಷ್ಟು ವರ್ಷ ಆ ಯೋಚನೆ ಮಾಡ್ತಾ ಇದ್ದದ್ದು ಮರಗದಂ. ನಾನು ಒಂದು ಫೋನು ತಗೊಂಡು ಅವರನ್ನ ಬಿಟ್ಟೆ. ನೀಲಿ, ಕೆಂಪು ಬಟ್ಟೆ ಇದೆ. ಅದರಿಂದ ಆರ್ಡರಿನ ಅರ್ಧದಷ್ಟು ಅಂಗಿ ಹದಿನಾಲ್ಕಕ್ಕೆ ಹಡಗು ಹತ್ತಿಸ್ತೀನಿ. ಬೂದು ಇಪ್ಪತ್ತೆಂಟಕ್ಕೆ. ಸಾಸಿವೆ ಆಗಲ್ಲ. ತಪ್ಪು ನನ್ನದು.”

ಹೇಳಿ, “ಕಳಿಸಿ” ಎಂದರು.

ಮರಗದಂ ಕಳಿಸಲಿಲ್ಲ. “ಇದೂ ಮಲಗಲಿ” ಎಂದಳು. ಅಂದು ಸಂಜೆಯೊಳಗೆ ಅವರಿಬ್ಬರೂ ಬಣ್ಣದ ಕಾರ್ಖಾನೆಗೆ ಹೋಗಿ ಸರದಿ ಕೇಳಿ ಬಂದರು. ಬೂದು ಬಣ್ಣಕ್ಕೆ ಇಪ್ಪತ್ತೆಂಟೂ ಬಿಗಿ ಎಂದು ತಿಳಿಯಿತು. ಮರುದಿನ ಬೆಳಿಗ್ಗೆ ಅದನ್ನು ಜುಲೈ ಎರಡು ಎಂದು ತಿದ್ದಿಸಿದವರು ಸ್ವತಃ ಚೆನ್ನಿಯಪ್ಪನವರು. ಉಳಿದದ್ದನ್ನು ಹಾಗೇ ಕಳಿಸಿದರು.

ಮೂರು ದಿನ ಉತ್ತರವಿಲ್ಲ. ಚೆನ್ನಿಯಪ್ಪನವರು ಗಾಜನ್ನು ಒರೆಸಿ ಒರೆಸಿ ನೋಡಿದರು. ನಾಲ್ಕನೆಯ ದಿನ ಹನ್ನೊಂದರ ಚಹಾ ಮುಗಿದ ಮೇಲೆ ಮರಗದಂ ಕಾಗದ ಹಿಡಿದು ಬಂದು ಓದಿದಳು.

‘ಚೆನ್ನಿಯಪ್ಪನವರೇ, ಹನ್ನೊಂದು ವರ್ಷ ನಿಮ್ಮ ಉತ್ತರ ಮರುದಿನವೇ ಬರುತ್ತಿತ್ತು. ಎರಡು ನಿಮಿಷಕ್ಕೆ ಬಂದಾಗ ನಿಮಗೆ ಆರೋಗ್ಯ ಸರಿಯಿಲ್ಲವೇ ಎಂದುಕೊಂಡೆ. ಅದಕ್ಕೇ ಎರಡನೆಯ ಸಲ ಕೇಳಿದ್ದು. ಅಚ್ಚು ಹಾಕಿಸಿದ್ದು ನನ್ನ ಅವಸರ. ನೀಲಿ, ಕೆಂಪು ಕಳಿಸಿ. ಬೂದು ಜುಲೈ ಎರಡಕ್ಕೆ ಸರಿ. ಅಂಗಡಿಯವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ; ಅದು ಸುಲಭವಲ್ಲ.’

“ಮುಂದಿನ ವರ್ಷದ್ದು?”

“ಏನೂ ಬರೆದಿಲ್ಲ ಅಣ್ಣಾ.”

ನೀಲಿ, ಕೆಂಪು ಅಂಗಿಗಳು ಹದಿನಾಲ್ಕಕ್ಕೆ ಹೋದವು. ಬೂದು ಜುಲೈ ಒಂದಕ್ಕೇ ಹೋಯಿತು. ಆ ಒಂದು ದಿನವನ್ನು ಚೆನ್ನಿಯಪ್ಪನವರು ಬಣ್ಣದ ಕಾರ್ಖಾನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು ಗಳಿಸಿದ್ದರು. ಇಂಗರಮ್ಮನಿಂದ ‘ತಲುಪಿತು’ ಎಂಬ ಒಂದು ಸಾಲು ಬಂತು. ಆಮೇಲೆ ಏನೂ ಇಲ್ಲ. ಪ್ರತಿ ವರ್ಷ ಆಗಸ್ಟಿನಲ್ಲಿ ಬರುತ್ತಿದ್ದವಳು ಆ ವರ್ಷ ಬರುವ ಸುದ್ದಿಯೂ ಇರಲಿಲ್ಲ.

ಆಗಸ್ಟಿನ ನಡುವೆ ಆಡಿ ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಚೆನ್ನಿಯಪ್ಪನವರು ಮರಗದಂಳನ್ನು ಕರೆದುಕೊಂಡು ರಾವುತ್ತರ ಅಂಗಡಿಗೆ ಹೋದರು. “ಓಡಾಡ್ತಾ ಇಮೇಲು ನೋಡೋಕೆ ಇವರಿಗೊಂದು ಫೋನು ಬೇಕು. ಆರಿಸೋದು ಇವರೇ. ನಾನು ಬಾಯಿ ಬಿಡಲ್ಲ.”

ರಾವುತ್ತರು ಸಾಲಾಗಿ ಇಟ್ಟರು. ಮರಗದಂ ಯಾವುದನ್ನೂ ಉಜ್ಜಲಿಲ್ಲ, ತೂಗಲಿಲ್ಲ. ಅಳತೆಯ ಕಾಗದ ತೆರೆಯುತ್ತದೆಯೇ ಎಂದು ಕೇಳಿದಳು. ಕರೆಂಟಿಲ್ಲದ ದಿನ ಸಂಜೆಯವರೆಗೆ ಉಸಿರು ಹಿಡಿಯುತ್ತದೆಯೇ ಎಂದು ಕೇಳಿದಳು. ಕೊನೆಗೆ, “ಬರೆದಿದ್ದನ್ನ ಕಳಿಸದೆ ಹಾಗೇ ಮಲಗಿಸಿ ಇಡೋಕಾಗುತ್ತಾ? ನಾಳೆ ತೆಗೆದು ನೋಡೋ ಹಾಗೆ?” ಎಂದಳು.

“ಆಗುತ್ತಮ್ಮಾ, ಎಲ್ಲದರಲ್ಲೂ ಆಗುತ್ತೆ” ಎಂದರು ರಾವುತ್ತರು ಆಶ್ಚರ್ಯದಿಂದ. “ಇಷ್ಟು ವರ್ಷದಲ್ಲಿ ಇದನ್ನ ಕೇಳಿದವರು ನೀವೊಬ್ರೇ. ಎಲ್ಲರೂ ಎಷ್ಟು ಬೇಗ ಹೋಗುತ್ತೆ ಅಂತಾರೆ.”

ಅವಳು ಗುಂಡಿಗಳ ಹಳೆಯ ನಮೂನೆಯದನ್ನು ತೆಗೆದುಕೊಂಡಳು. ಅಕ್ಷರಗಳು ಕೈಗೆ ಸಿಗುತ್ತವೆ ಎಂದಳು. ಅದು ಕೊಳಂದವೇಲುವಿನ ಬಳಿ ಇದ್ದಂಥದ್ದೇ. ಚೆನ್ನಿಯಪ್ಪನವರು ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಮೂಗಿನಿಂದ ಮಾತ್ರ ಒಂದು ಶಬ್ದ ಮಾಡಿದರು. ಆಮೇಲೆ ತಮ್ಮ ಗಾಜಿನ ಫೋನನ್ನು ರಾವುತ್ತರ ಮುಂದಿಟ್ಟರು.

“ಇದರಲ್ಲಿ ಆ ನಾಲ್ಕನ್ನೂ ಅಳಿಸಿಬಿಡಲಾ ಅಣ್ಣಾ?”

“ಬೇಡ, ಇರಲಿ. ಮದುವೆ ಮನೆಯವರಿಗೆ ಬೇಕಾಗುತ್ತೆ. ಐದನೇದೊಂದು ಸೇರಿಸಿ.” ಹೇಳಿ ಬರೆಸಿದರು: ‘ನೋಡಿದೆ. ನಾಳೆ ಮರಗದಂ ಬರೆಯುತ್ತಾರೆ.’

ಮರಗದಂ ಗೋಡೆಯಲ್ಲಿದ್ದ ಫೋನಿನ ಚೀಲಗಳನ್ನು ತುಂಬ ಗಮನವಿಟ್ಟು ನೋಡತೊಡಗಿದಳು.

ಒಂಬತ್ತು ದಿನದ ಮೇಲೆ ಅದು ಬಂತು. ಚೆನ್ನಿಯಪ್ಪನವರು ಕಟಿಂಗ್ ಮೇಜಿನ ಬಳಿ, ಅಂದು ಬೆಳಿಗ್ಗೆ ಬಿಚ್ಚಿ ಹರವಿದ ಬಟ್ಟೆಯ ಪಕ್ಕ ನಿಂತಿದ್ದರು. ಇಂಗರಮ್ಮ. ಎಂಟು ಸಾವಿರ ಅಂಗಿ; ಕಳೆದ ಸಲದ ಅರ್ಧವೂ ಅಲ್ಲ. ಎರಡು ಬಣ್ಣ. ಮಾರ್ಚ್ ಹತ್ತು. ಕೊನೆಯಲ್ಲಿ ಅದೇ ಪ್ರಶ್ನೆ: ಮಾಡಿಕೊಡಬಹುದೇ?

ಆಗಲಿ ಆಗಲಿ ಎಂದು ಒಳಗಿನಿಂದ ಯಾರೋ ಕೂಗಿದಂತಾಯಿತು. ಎಂಟು ಸಾವಿರವೇನು, ಮಾರ್ಚ್ ಹತ್ತೇನು, ಕಣ್ಣುಮುಚ್ಚಿ ಹೊಲಿಯಬಹುದು. ಕಿರುಬೆರಳು ತಾನಾಗಿ ಎದ್ದು ಮೊದಲ ಉತ್ತರದ ನೇರಕ್ಕೆ ಬಂತು.

ಅವರು ಅದನ್ನು ಮಡಚಿದರು. ಹೆಬ್ಬೆರಳನ್ನು ಐದನೆಯದರ ಮೇಲಿಟ್ಟರು. ಗಾಜಿಗೆ ಗೊತ್ತಾಗಲಿಲ್ಲ. ಮತ್ತೆ ಒತ್ತಿದರು, ಆಗಲೂ ಇಲ್ಲ. ಅಂಗಿಯ ಅಂಚಿಗೆ ಬೆರಳನ್ನು ಒರೆಸಿ, ಬಾಯಿಯ ಆವಿ ಊದಿ, ಮೂರನೆಯ ಸಲ ಇಟ್ಟಾಗ ಅದು ಹೋಯಿತು.

ಮರಗದಂ ತನ್ನ ಮೇಜಿನಿಂದ ತಲೆಯೆತ್ತಿದಳು. “ಬಂತಾ ಅಣ್ಣಾ? ಏನು ಬರೀಲಿ?”

“ಅರ್ಧಕ್ಕಿಂತ ಕಮ್ಮಿ ಕೊಟ್ಟಿದ್ದೀರಲ್ಲ ಇಂಗರಮ್ಮ, ನಿಮ್ಮೂರಲ್ಲಿ ಮಕ್ಕಳು ಹುಟ್ಟೋದು ನಿಂತುಹೋಯ್ತೇನ್ರೀ ಅಂತ ಬರೀರಿ!” ಚೆನ್ನಿಯಪ್ಪನವರ ದನಿ ನಲವತ್ತು ಯಂತ್ರಗಳ ಮೇಲೆ ಹಾದು ರಸ್ತೆಗೆ ಕೇಳಿಸಿತು.

“ಬರೆದೆ ಅಣ್ಣಾ” ಎಂದಳು ಮರಗದಂ, ಬಣ್ಣದ ಕಾರ್ಖಾನೆಗೆ ಫೋನು ಹಚ್ಚುತ್ತಾ.